ಕಾಲು ಬಾತಿಲ್ಲವೆಂದು ತಪಾಸಣೆ ಬಿಡಬಹುದೇ?

ಪ್ರಶ್ನೆ: ನನ್ನ ತಂದೆಗೆ 61 ವರ್ಷ, 14 ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಒಂದೂವರೆ ವರ್ಷದ ಹಿಂದೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯ) 2.1 ಬಂದಾಗ, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಎಂದು ವೈದ್ಯರು ತಿಳಿಸಿದ್ದರು. ಕಾಲು ಬಾವು, ಸುಸ್ತು ಯಾವುದೂ ಇಲ್ಲವೆಂದು ಅವರು ಮತ್ತೆ ಆಸ್ಪತ್ರೆಗೆ ಹೋಗಿಲ್ಲ. ಹಳೆಯ ಚೀಟಿ ತೋರಿಸಿ ಮಾತ್ರೆ ತರಿಸಿಕೊಳ್ಳುತ್ತಾರೆ. ತಪಾಸಣೆ ಎಷ್ಟು ದಿನಕ್ಕೊಮ್ಮೆ ಬೇಕು? ದಿನವೂ ಎಳನೀರು ಕುಡಿಯಬಹುದೇ?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ತಂದೆಯವರು ಆರಾಮವಾಗಿರುವುದು ಸಂತೋಷವೇ, ಆದರೆ ಮೂತ್ರಪಿಂಡಗಳು ತಮ್ಮ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುವವರೆಗೂ ಮೈಯಲ್ಲಿ ಏನೂ ತೋರದಿರಬಹುದಾದ್ದರಿಂದ, ಈ ಕಾಯಿಲೆಯಲ್ಲಿ ಆ ಆರಾಮವನ್ನು ನೆಚ್ಚಿ ಕೂರುವಂತಿಲ್ಲ. ಅವರ ವಯಸ್ಸಿನ ಗಂಡಸರಲ್ಲಿ ಕ್ರಿಯಾಟಿನಿನ್ 2.1 ಇದ್ದರೆ, ವರದಿಯಲ್ಲಿ ಇಜಿಎಫ್‌ಆರ್ ಎಂದು ನಮೂದಿಸುವ ಸೋಸುವಿಕೆಯ ಅಂಕಿ ಸುಮಾರು 35 ಆಗುತ್ತದೆ. ಇದು ಐದು ಹಂತಗಳಲ್ಲಿ ಮೂರನೆಯದು. ಈ ಹಂತದಲ್ಲಿ, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂಬುದನ್ನು ನೋಡಿಕೊಂಡು, ವರ್ಷಕ್ಕೆ ಎರಡು ಅಥವಾ ಮೂರು ಸಲ ತಪಾಸಣೆ ಆಗಬೇಕು. ರಕ್ತದೊತ್ತಡ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್ ಮತ್ತು ಮೂತ್ರದ ಆಲ್ಬುಮಿನ್ ಅದರಲ್ಲಿ ಸೇರಿರಲಿ. ಹಳೆಯ ವರದಿಗಳನ್ನು ಎಸೆಯಬೇಡಿ. ವೈದ್ಯರಿಗೆ ಒಂದು ದಿನದ ಇಜಿಎಫ್‌ಆರ್ ಅಂಕಿಗಿಂತ, ಅದು ಎಷ್ಟು ವೇಗವಾಗಿ ಇಳಿಯುತ್ತಿದೆ ಎಂಬುದೇ ಮುಖ್ಯ.

ನನ್ನನ್ನು ಹೆಚ್ಚು ಕಾಡಿದ್ದು ಆ ಹಳೆಯ ಚೀಟಿ. ಸಕ್ಕರೆ ಕಾಯಿಲೆಗೆ ಬಹಳ ಜನ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಪ್ರಮಾಣವನ್ನು ಇಜಿಎಫ್‌ಆರ್ 45ಕ್ಕಿಂತ ಕಡಿಮೆಯಾದಾಗ ಪರಿಶೀಲಿಸಿ ತಗ್ಗಿಸಬೇಕಾಗುತ್ತದೆ, 30ಕ್ಕಿಂತ ಕಡಿಮೆಯಾದರೆ ನಿಲ್ಲಿಸಬೇಕಾಗುತ್ತದೆ. ಟೆಲ್ಮಿಸಾರ್ಟನ್‌ನಂತಹ ರಕ್ತದೊತ್ತಡದ ಮಾತ್ರೆಗಳು ಮೂತ್ರಪಿಂಡವನ್ನು ಕಾಪಾಡುತ್ತವೆಯಾದರೂ ಪೊಟ್ಯಾಸಿಯಂ ಏರಿಸಬಲ್ಲವು. ಅವನ್ನು ಆರಂಭಿಸಿದ 2ರಿಂದ 4 ವಾರಗಳಲ್ಲಿ ರಕ್ತಪರೀಕ್ಷೆ ಮಾಡಿಸುವುದು ಅದಕ್ಕೇ. ಚೀಟಿ ಹಾಗೆಯೇ ಇದೆ, ಮೂತ್ರಪಿಂಡವೂ ಹಾಗೆಯೇ ಇದೆಯೇ ಎಂಬುದು ಯಾರಿಗೂ ತಿಳಿದಿಲ್ಲ. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ರೂಢಿಯಿದ್ದರೆ ಮಾತ್ರ ಅದು ಇಂದೇ ನಿಲ್ಲಲಿ.

ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಹೊಸ ವರದಿ ಕೈಸೇರುವವರೆಗೆ ಅದು ಬೇಡ. ಪೊಟ್ಯಾಸಿಯಂ ಮಿತಿಯಲ್ಲಿದ್ದರೆ ಅಪರೂಪಕ್ಕೊಮ್ಮೆ ಕುಡಿಯುವ ಬಗ್ಗೆ ವೈದ್ಯರನ್ನೇ ಕೇಳಿ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿಯೂ ಪೊಟ್ಯಾಸಿಯಂ ಇರುವುದರಿಂದ ಅದೂ ಬೇಡ. ಮಾಮೂಲಿ ಉಪ್ಪನ್ನೇ, ಉಪ್ಪಿನಕಾಯಿ ಮತ್ತು ಹಪ್ಪಳದ್ದೂ ಸೇರಿ, ದಿನಕ್ಕೆ 5 ಗ್ರಾಂ ಒಳಗಿಡಿ.

ಈ ವಾರವೇ ಅವರನ್ನು ಕರೆದೊಯ್ಯಿರಿ. ಚೀಟಿಯೊಂದನ್ನೇ ಒಯ್ಯದೆ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯ ಡಬ್ಬಿಯಿದ್ದರೆ ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಡಿ.