ಓದುಗರ ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಬಿಗಿಯಾದ ಫೋರ್ಕ್

ಪ್ರಶ್ನೆ: ರವಿವಾರಗಳಂದು ಯಳ್ಳೂರು ಗಡ, ಜಾಂಬೋಟಿಗಳ ಕಡೆಗೆ ಮೌಂಟನ್ ಬೈಕಿನಲ್ಲಿ ಹೋಗುವ ನನಗೆ ಈ ಮಳೆಗಾಲದ ನಂತರ ಮುಂದಿನ ಏರ್ ಫೋರ್ಕ್ (ಮುಂಚಕ್ರವನ್ನು ಹಿಡಿದು, ಒಳಗಿನ ಗಾಳಿಯ ಒತ್ತಡದಿಂದ ಕುಲುಕಾಟ ತಡೆಯುವ ಕವಲು) ಬಿಗಿಯಾದಂತೆ ಅನ್ನಿಸುತ್ತಿದೆ. ನಯವಾದ ಕೊಳವೆಗಳ ಮೇಲೆ ಎಣ್ಣೆ ಬೆರೆತ ಕೆಂಪುಮಣ್ಣಿನ ಉಂಗುರ ಕಾಣಿಸುತ್ತದೆ. ಎರಡು ವರ್ಷಗಳಿಂದ ಅದನ್ನು ಬಿಚ್ಚಿಸಿಲ್ಲ. ಪರಿಚಯದ ಮೋಟರ್‌ಸೈಕಲ್ ಮೆಕ್ಯಾನಿಕ್‌ಗೆ ಕೊಡಬಹುದೇ, ಇಲ್ಲವೇ ಪುಣೆಗೆ ಕಳುಹಿಸಬೇಕೇ? — ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ನಿಮ್ಮ ಫೋರ್ಕಿಗೆ ಬೇಕಾಗಿರುವುದು ಎರಡು ಬೇರೆ ಬೇರೆ ಕೆಲಸಗಳು; ಅವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಹೆಚ್ಚಿನವರು ಸರ್ವೀಸನ್ನು ಮುಂದೂಡುತ್ತಾರೆ. ಕೆಳಗಿನ ಕಾಲುಗಳನ್ನು (ನಯವಾದ ಕೊಳವೆಗಳು ಒಳಗೆ ಜಾರುವ ಹೊರಭಾಗವನ್ನು) ಕಳಚಿ ತೊಳೆದು ಎಣ್ಣೆ ಬದಲಿಸುವುದು ಮೊದಲನೆಯದು. ರಾಕ್‌ಶಾಕ್ಸ್ ಕಂಪನಿ ತನ್ನ ಹಲವು ಫೋರ್ಕುಗಳಿಗೆ ಇದನ್ನು 50 ಗಂಟೆಗಳ ಸವಾರಿಗೊಮ್ಮೆ ಮಾಡಿಸಲು ಹೇಳುತ್ತದೆ. ವಾರಕ್ಕೆ ಮೂರು ಗಂಟೆ ಓಡಿಸುವವರಿಗೆ ಅದು ಸುಮಾರು ನಾಲ್ಕು ತಿಂಗಳಾಯಿತು. ಡ್ಯಾಂಪರ್ (ಫೋರ್ಕಿನ ಪುಟಿತವನ್ನು ಎಣ್ಣೆಯಿಂದ ನಿಧಾನಿಸುವ ಭಾಗ) ಮತ್ತು ಏರ್ ಸ್ಪ್ರಿಂಗ್ (ಸ್ಪ್ರಿಂಗಿನಂತೆ ಕೆಲಸ ಮಾಡುವ ಗಾಳಿಯ ಭಾಗ) ಬಿಚ್ಚುವ ಎರಡನೆಯ ಕೆಲಸದ ಅವಧಿ ಇದಕ್ಕಿಂತ ದೀರ್ಘ.

ಮೊದಲನೆಯದನ್ನು ಊರಿನಲ್ಲೇ ಮಾಡಿಸಬಹುದು. ಫೋರ್ಕಿನ ವಾಲ್ವಿನಿಂದ ಗಾಳಿಯನ್ನು ಪೂರ್ತಿ ಬಿಡದೆ ಯಾವ ಬೋಲ್ಟನ್ನೂ ಮುಟ್ಟಬಾರದು. ಬಳಿಕ ತಳದ ಬೋಲ್ಟುಗಳನ್ನು ಕೆಲವು ಸುತ್ತು ಸಡಿಲಿಸಿ, ಅವುಗಳ ತಲೆಯ ಮೇಲೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗಿನ ಹಿಡಿತ ಬಿಡುತ್ತದೆ. ಆಗ ಹೊರಬರುವ ಎಣ್ಣೆ ಖಾನಾಪುರದ ಹಾದಿಯ ಕೆಸರಿನ ಬಣ್ಣದ್ದಾಗಿದ್ದರೆ ಬಿಗಿತದ ಕಾರಣ ಬಹುಮಟ್ಟಿಗೆ ಸಿಕ್ಕಂತೆಯೇ. ಕೊಳವೆಯ ಸುತ್ತ ಎಣ್ಣೆ ಸೋರದಂತೆ ತಡೆಯುವ ಸೀಲಿನ ಕೆಳಗಿರುವ ಫೋಮ್ ಉಂಗುರಗಳನ್ನು ತೊಳೆದು, ಹೊಸ ಎಣ್ಣೆಯಲ್ಲಿ ನೆನೆಸಿಯೇ ಕೂಡಿಸಬೇಕು. ಕೊಳವೆಗೆ ಜಾರುಗುಣ ಕೊಡುವುದು ಅವೇ.

ಮೋಟರ್‌ಸೈಕಲ್ ಮೆಕ್ಯಾನಿಕ್‌ರ ಕೈಚಳಕದ ಬಗ್ಗೆ ನನಗೆ ಸಂಶಯವಿಲ್ಲ, ಅವರ ಅಳತೆಯ ಬಗ್ಗೆ ಮಾತ್ರ ಇದೆ. ಅವರು ಒಂದೊಂದು ಕಾಲಿಗೆ 100 ಮಿಲಿಲೀಟರಿಗಿಂತ ಹೆಚ್ಚು ಎಣ್ಣೆ ಹಾಕಿ ರೂಢಿಯಾದವರು. ಇಲ್ಲಿ ಕೆಳಗಿನ ಕಾಲಿಗೆ ಬೇಕಾಗುವುದು ಕೆಲವೇ ಮಿಲಿಲೀಟರ್. ಹೆಚ್ಚಾದರೆ ಒಳಗಿನ ಗಾಳಿಗೆ ಜಾಗ ಸಾಲದೆ ಫೋರ್ಕ್ ಪೂರ್ತಿ ಇಳಿಯುವುದಿಲ್ಲ. ಆದ್ದರಿಂದ ನಿಮ್ಮ ಮಾದರಿಯ ಎಣ್ಣೆಯ ಪಟ್ಟಿಯನ್ನು ಮುದ್ರಿಸಿಕೊಂಡು, ಸೂಜಿ ತೆಗೆದ ಸಿರಿಂಜಿನೊಡನೆ ಅವರ ಕೈಗೆ ಕೊಡಿರಿ. ಡ್ಯಾಂಪರಿನ ಕೆಲಸಕ್ಕೆ ಮಾತ್ರ ಫೋರ್ಕನ್ನು ತರಬೇತಿ ಪಡೆದವರಿರುವ ಸರ್ವೀಸ್ ಕೇಂದ್ರಕ್ಕೆ ಕಳುಹಿಸಿರಿ. ಕಳುಹಿಸುವ ಮುನ್ನ ಕೊಳವೆಯ ಮೇಲೆ ಉಗುರು ಎಳೆದು ನೋಡಿರಿ: ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಹೊಸ ಸೀಲೂ ಬಹಳ ದಿನ ಎಣ್ಣೆ ತಡೆಯಲಾರದು, ಖರ್ಚಿನ ಲೆಕ್ಕವೇ ಬದಲಾಗುತ್ತದೆ.

ಪ್ರಶ್ನೆ: ಎರೆಮಣ್ಣು ಮೆತ್ತಿದ ಸೈಕಲನ್ನು ವಾಹನ ತೊಳೆಯುವ ಪ್ರೆಶರ್ ನೀರಿನಿಂದ ತೊಳೆಸಬಹುದೇ? — ಓದುಗರೊಬ್ಬರು, ವಿಜಯಪುರ

ಉತ್ತರ: ಫೋರ್ಕಿನ ಸೀಲು, ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ನೆರವಾಗುವ ಬೇರಿಂಗ್) ಮತ್ತು ಚಕ್ರಗಳ ನಡುವಿನ ಹಬ್ಬುಗಳ ಮೇಲೆ ಆ ನೀರನ್ನು ಹಾಯಿಸಬೇಡಿರಿ, ಮಣ್ಣು ಸೀಲನ್ನು ದಾಟಿ ಒಳಗೇ ಸೇರುತ್ತದೆ. ಎರೆಮಣ್ಣು ಒಣಗುವ ಮೊದಲೇ ಸಾಧಾರಣ ಪೈಪಿನ ನೀರು ಮತ್ತು ಬ್ರಷ್ಷಿನಿಂದ ತೊಳೆದು, ಕೊಳವೆಗಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿರಿ. ಚೈನಿನ ಎಣ್ಣೆಯನ್ನು ಅಲ್ಲಿ ಹಚ್ಚುವ ಅಗತ್ಯವಿಲ್ಲ, ಅದು ಧೂಳನ್ನೇ ಹಿಡಿಯುತ್ತದೆ.