ನಿಮ್ಮ ಕುದುರೆಗಳು ನೀರು ಕುಡಿಯುವುದು ಯಾವಾಗ?

ಪ್ರಿಯರೆ,

ನಿಮ್ಮ ‘ಮಣಿಮೇರು’ ಕಾದಂಬರಿ ಮಾಲಿಕೆಯ ಮೊದಲ ಸಂಪುಟ, 412 ಪುಟ, ಎರಡು ಸಲ ಓದಿದೆ. ಭಾಷೆ ನಿಮ್ಮ ಕೈಯಲ್ಲಿ ಪಳಗಿದೆ. ಅಜ್ಜಿ-ಮೊಮ್ಮಗಳ ಮಾತು ಬಂದಲ್ಲೆಲ್ಲ ಪುಟ ತಾನಾಗಿ ತಿರುಗುತ್ತದೆ. ಆದರೂ ಇದನ್ನು ಈಗ ಅಚ್ಚಿಗೆ ಕೊಡಲಾರೆ. ಒಂಬತ್ತನೆಯ ಅಧ್ಯಾಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ನಿಮ್ಮ ವಾಕ್ಯ ಇದು: “ಐದು ಸಾವಿರ ಕುದುರೆಗಳು ಮೂರು ಹಗಲು ಮೂರು ರಾತ್ರಿ ನಿಲ್ಲದೆ ಓಡಿ, ನಾಲ್ಕನೆಯ ಮುಂಜಾನೆ ಮೇರುಗಿರಿಯ ಕೋಟೆಯನ್ನು ಸುತ್ತಿದವು.”

ನಿಲ್ಲದೆ? ಕುದುರೆ ನಾಗಾಲೋಟದಲ್ಲಿ ಹೋಗುವುದು ಕೆಲವೇ ಕಿಲೋಮೀಟರ್, ಆಮೇಲೆ ಅದರ ಉಸಿರು ಹತ್ತುತ್ತದೆ. ಸವಾರನನ್ನು ಹೊತ್ತು, ಹೆಚ್ಚು ಪಾಲು ನಡಿಗೆ, ನಡುನಡುವೆ ಹಗುರ ಓಟ ಎಂದಿಟ್ಟುಕೊಂಡರೂ ದಿನವೂ ತಾಳುವುದು 40–50 ಕಿಲೋಮೀಟರ್. ಒಂದು ಕುದುರೆಗೆ ದಿನಕ್ಕೆ ಸುಮಾರು 30 ಲೀಟರ್ ನೀರು ಬೇಕು, ಬ್ಯಾಸಿಗಿಯಲ್ಲಿ ಇನ್ನೂ ಹೆಚ್ಚು. ಒಣ ಮೇವು 8–10 ಕಿಲೋ. ಐದು ಸಾವಿರದಿಂದ ಗುಣಿಸಿ ನೋಡಿ: ದಿನಕ್ಕೆ ಒಂದೂವರೆ ಲಕ್ಷ ಲೀಟರ್ ನೀರು, 40ರಿಂದ 50 ಟನ್ ಮೇವು. ಚಕ್ಕಡಿಗೆ ಒಂದು ಟನ್ ಹೇರಿದರೂ ಒಂದೊಂದು ದಿನದ ಮೇವಿಗೇ ಐವತ್ತು ಚಕ್ಕಡಿ. ಎತ್ತು ನಡೆಯುವುದು ದಿನಕ್ಕೆ 20–25 ಕಿಲೋಮೀಟರ್, ಹಾಗಾಗಿ ದಂಡಿನ ವೇಗ ಎಂದರೆ ಎತ್ತಿನ ವೇಗ. ಚಕ್ಕಡಿ ಬಿಟ್ಟು ಸವಾರರು ಮುಂದೆ ಹೋದರೆ ದಾರಿಯ ಊರುಗಳ ಕಣಿಕಿ ಬಣವೆಗಳನ್ನು ಬರಿದು ಮಾಡಿಕೊಂಡೇ ಹೋಗಬೇಕು. ಹಾಗೆ ಬಣವೆ ಕಳೆದುಕೊಂಡ ಒಬ್ಬ ರೈತನೂ ನಿಮ್ಮ 412 ಪುಟಗಳಲ್ಲಿ ಇಲ್ಲ. ಅವನು ಬಂದಿದ್ದರೆ ಆ ಅಧ್ಯಾಯಕ್ಕೆ ಜೀವ ಬರುತ್ತಿತ್ತು.

ಅದರ ಹಿಂದಿನ ವಾಕ್ಯ: “ಎರೆ ಹೊಲಗಳ ಮೇಲೆ ಮೂರು ದಿನದಿಂದ ಮಳೆ ಹಿಡಿದಿತ್ತು.” ನೀವು ಬಾಗಲಕೋಟೆ ಜಿಲ್ಲೆಯವರು. ಎರೆ ನೆಲ ನೆನೆದ ಮೇಲೆ ಗಾಲಿಗೆ, ಗೊರಸಿಗೆ, ಕಾಲ್ಮರಿಗೆ ಹೇಗೆ ಮೆತ್ತುತ್ತದೆಂದು ನಾನು ಹೇಳಬೇಕೇ? ಮಳೆ ಇಟ್ಟುಕೊಳ್ಳಿ, ಇಲ್ಲವೇ ವೇಗ ಇಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಇಡುವಂತಿಲ್ಲ.

ಇನ್ನು ನನ್ನನ್ನು ಹೆಚ್ಚು ಕಾಡಿದ್ದು 131ನೆಯ ಪುಟ: “ರಾಜಗುರು ಕೈ ಎತ್ತಿದ. ಬತ್ತಿದ ಹೊಂಡ ಕಣ್ಣೆದುರೇ ತುಂಬಿ ತುಳುಕಿತು.” 286ನೆಯ ಪುಟದಲ್ಲಿ ಹನ್ನೊಂದು ತಿಂಗಳ ಮುತ್ತಿಗೆಯ ಕೊನೆಗೆ ರಾಣಿಯ ಕೂಸು ನೀರಡಿಸಿ ಸಾಯುತ್ತದೆ. ರಾಜಗುರು ಅದೇ ಕೋಟೆಯೊಳಗೆ, ಆರೋಗ್ಯವಾಗಿ, ಕೂಸಿನ ಪಕ್ಕದಲ್ಲೇ ನಿಂತಿದ್ದಾನೆ! ಹೊಂಡ 100 ಮೀಟರ್ ಉದ್ದ, 50 ಅಗಲ, 4 ಆಳ ಎಂದು ನೀವೇ ಬರೆದಿದ್ದೀರಿ. ಅಂದರೆ ಎರಡು ಕೋಟಿ ಲೀಟರ್. ಕೋಟೆಯ 4,000 ಜನಕ್ಕೆ ತಲೆಗೆ 5 ಲೀಟರಿನಂತೆ 330 ದಿನಕ್ಕೆ ಬೇಕಾದದ್ದು 66 ಲಕ್ಷ. ಅರ್ಧ ಬಿಸಿಲಿಗೆ ಹೋದರೂ ಒಂದು ಕೋಟಿ ಉಳಿಯುತ್ತದೆ. ಅವನು ಒಮ್ಮೆ ಕೈ ಎತ್ತಿದ್ದರೆ ಮುತ್ತಿಗೆಯೇ ಇಲ್ಲ, ಕೂಸಿನ ಸಾವೂ ಇಲ್ಲ. ನಾನು ಆ ಸಾವಿಗೆ ಅಳಬೇಕಿತ್ತು, ನಿಮ್ಮ ಮೇಲೆ ಸಿಟ್ಟಾದೆ.

ಮಂತ್ರ ಬೇಡ ಎನ್ನುತ್ತಿಲ್ಲ. ಆ ನೀರು ಎಲ್ಲಿಂದ ಬಂತು ಎಂದು ಹೇಳಿ. ವಿಜಯಪುರದ ಆದಿಲ್‌ಶಾಹಿಗಳು ನೀರಿಗಾಗಿ ಪಟ್ಟ ಪಾಡು ನೋಡಿ. ತೊರವಿ ಕಡೆಯಿಂದ ನೆಲದೊಳಗಿನ ಕಾಲುವೆ, ಒತ್ತಡ ತಗ್ಗಿಸಲು, ಕೆಸರು ತಂಗಿಸಲು ದಾರಿಯುದ್ದಕ್ಕೂ ಗಂಜ್ ಗೋಪುರಗಳು, 1620ರ ತಾಜ್ ಬಾವಡಿ ಎಂಬ ದೊಡ್ಡ ಬಾವಿ, 1651ರ ಬೇಗಂ ತಲಾಬ್ ಎಂಬ ಕೆರೆ. ಬಾದಾಮಿಯಲ್ಲಿ ಎರಡು ಗುಡ್ಡಗಳ ನಡುವೆ ಅಗಸ್ತ್ಯ ತೀರ್ಥದ ಕೆರೆ, ಮೇಲೆ ಕೋಟೆಯಲ್ಲಿ ಕಲ್ಲಿನ ಕಣಜ. ಇಷ್ಟೆಲ್ಲ ಬೆವರು ಸುರಿಸಿ ಪಡೆಯುವುದನ್ನು ಒಂದು ಕೈಸನ್ನೆ ತರುವುದಾದರೆ, ಆ ಸನ್ನೆಗೂ ತಕ್ಕ ಬೆಲೆ ಬೇಕು. ಕೆಳಗಿನ ಏಳು ಹಳ್ಳಿಗಳ ಬಾವಿ ಬತ್ತಲಿ. ಇಲ್ಲವೇ ರಾಜಗುರುವಿನ ಕಣ್ಣು ಹೋಗಲಿ. ಇಲ್ಲವೇ ಒಂದು ಮಳೆಗಾಲಕ್ಕೆ ಒಂದೇ ಸಲ ಎಂಬ ಕಟ್ಟು ಇರಲಿ. ಯಾವುದನ್ನೇ ಆರಿಸಿ, 131ನೆಯ ಪುಟಕ್ಕಿಂತ ಮೊದಲೇ ಓದುಗನಿಗೆ ಗೊತ್ತಾಗಲಿ. ಮೊದಲ ಸಂಪುಟದಲ್ಲಿ ಪುಕ್ಕಟೆ ಕೊಟ್ಟ ಶಕ್ತಿಯನ್ನು ನಾಲ್ಕನೆಯದರಲ್ಲಿ ಕಿತ್ತುಕೊಳ್ಳಲಾಗದು, ಓದುಗ ಅದನ್ನು ಮರೆಯುವುದಿಲ್ಲ.

ನಾನು ಕರಡು ತಿದ್ದಲು ಕಲಿಯುವಾಗ ಹಿರಿಯರು ಕೈಗೆ ಕೊಟ್ಟದ್ದು ಅಂಗಡಿಯ ಖಾತೆ ಪುಸ್ತಕ. ನಾಲ್ಕು ಕಲಮು: ಪುಟ, ಕಥೆಯೊಳಗಿನ ದಿನ, ಎಲ್ಲಿಂದ ಎಲ್ಲಿಗೆ, ಖರ್ಚಾದದ್ದು. ಇಂದಿಗೂ ಹಾಗೇ ಮಾಡುತ್ತೇನೆ. ನಿಮ್ಮ ಹಸ್ತಪ್ರತಿಗೆ ಬರೆದ ಖಾತೆ ಇದರ ಜೊತೆಗಿದೆ. ನಾಲ್ಕನೆಯ ಕಲಮು ಬಹುಪಾಲು ಖಾಲಿ ಇದೆ, ಮಂತ್ರ ಬಂದ ಕಡೆಯಂತೂ ಪೂರ್ತಿ ಖಾಲಿ. ಅದನ್ನು ನೀವು ತುಂಬಬೇಕು. ಗುಡ್ಡ, ಹೊಳೆ, ಊರುಗಳ ನಡುವಿನ ದೂರವನ್ನು ಒಂದೇ ಹಾಳೆಯಲ್ಲಿ ನಕಾಶೆಯಾಗಿ ಬರೆದು, ಪ್ರತಿ ಪಯಣವನ್ನು ಅದರ ಮೇಲೆ ಅಳೆಯಿರಿ.

ಎರಡನೆಯ ಸಂಪುಟವನ್ನು ಸದ್ಯಕ್ಕೆ ಮುಟ್ಟಬೇಡಿ. 9ರಿಂದ 14ರವರೆಗಿನ ಅಧ್ಯಾಯಗಳನ್ನು ಹೊಸದಾಗಿ ಬರೆಯಿರಿ. ಅದಕ್ಕೂ ಮೊದಲು, ರಾಜಗುರು ಕೈ ಎತ್ತಿದ ಆ ಮುಂಜಾನೆ ಯಾರ ಬಾವಿಯಲ್ಲಿ ಕೊಡ ಖಾಲಿ ಬಂತು ಎಂಬ ಒಂದೇ ಒಂದು ಪುಟ ಬರೆದು ನನಗೆ ಕಳಿಸಿ.