ಯಾರ್ಕ್‌ಟೌನ್: ಕಂಬಕ್ಕಿಂತ ಬಯಲು ನೋಡಿ

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ, ಬ್ರಿಟಿಷ್ ಸೇನೆ ಶರಣಾದ ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ವಿಜಯಸ್ತಂಭ ಬಿಟ್ಟು ನೋಡೋಕೆ ಏನಿದೆ, ಅರ್ಧ ದಿನ ಸಾಕಾ ಅಂತ ಕೇಳಿದ್ದೀರಿ. ಆದ್ರೆ ಪೂರ್ತಿ ದಿನ ಇಟ್ಕೊಳ್ಳಿ.

ಸ್ತಂಭ ಹತ್ತು ನಿಮಿಷದ ಕೆಲಸ. ಅದನ್ನು ಕಟ್ಟೋಕೆ ಅಮೆರಿಕದ ಶಾಸನಸಭೆ ಕಾಂಗ್ರೆಸ್ 1781ರಲ್ಲೇ ಒಪ್ಪಿತ್ತು, ಅಡಿಗಲ್ಲು ಬಿದ್ದದ್ದು 1881ರಲ್ಲಿ. ಸರ್ಕಾರಿ ಕೆಲಸ ಅಲ್ವಾ! ಮೇಲಿನ ಪ್ರತಿಮೆಗೆ ಆಮೇಲೆ ಸಿಡಿಲು ಹೊಡೆದು ಬೇರೆಯದನ್ನು ಕೂರಿಸಿದರು.

ಮೊದಲು ಬ್ರಿಟಿಷರು ರಕ್ಷಣೆಗೆ ಕಟ್ಟಿಕೊಂಡಿದ್ದ 9 ಮತ್ತು 10ನೇ ಮಣ್ಣಿನ ಕೋಟೆಗಳಿಗೆ ಹೋಗಿ. ಈಗ ಕಾಣೋದು ಮತ್ತೆ ಕಟ್ಟಿದ್ದು, 10ನೆಯದರ ಒಂದಷ್ಟು ಭಾಗವನ್ನು ನದಿಯೇ ಕೊರೆದು ತಿಂದಿದೆ. ಆದರೂ ಇಳಿಜಾರಿಗೆ ಅಡ್ಡಡ್ಡ ನೆಟ್ಟಿರೋ ಚೂಪು ಮರದ ಗೂಟಗಳ ಎದುರು ನಿಂತರೆ, ಅಕ್ಟೋಬರ್ 14ರ ರಾತ್ರಿ ಕತ್ತಲಲ್ಲಿ ಬಯನೆಟ್ ಹಿಡಿದು ನುಗ್ಗಿದ ಅಮೆರಿಕನ್, ಫ್ರೆಂಚ್ ಸೈನಿಕರ ಪಾಡು ಹೇಗಿತ್ತು ಅಂತ ಯಾವ ಫಲಕವೂ ಹೇಳದಷ್ಟು ಚೆನ್ನಾಗಿ ಗೊತ್ತಾಗುತ್ತದೆ. ಆಮೇಲೆ ಶರಣಾಗತಿಯ ಷರತ್ತುಗಳ ಮಾತುಕತೆ ನಡೆದ ಮೂರ್ ಹೌಸ್. ಒಳಗೆ ಹೋಗಬೇಕಿದ್ದರೆ ತೆರೆದಿರುವ ಸಮಯ ವಿಚಾರಿಸಿಕೊಳ್ಳಿ.

ಸರೆಂಡರ್ ಫೀಲ್ಡ್ ಕೊನೆಗಿರಲಿ. ಸುಮ್ನೆ ಹುಲ್ಲಿನ ಬಯಲು, ನನಗೆ ಜಾಸ್ತಿ ಹಿಡಿಸಿದ್ದು ಅದೇ. ಅಕ್ಟೋಬರ್ 19ರಂದು ಬ್ರಿಟಿಷ್ ಸೈನಿಕರು ಇಲ್ಲಿ ಬಂದೂಕು ಕೆಳಗಿಟ್ಟರು. ಅವರ ಸೇನಾಪತಿ ಕಾರ್ನ್‌ವಾಲಿಸ್ ಮಾತ್ರ ಹುಷಾರಿಲ್ಲ ಅಂತ ಬರಲೇ ಇಲ್ಲ, ತನ್ನ ಕೆಳಗಿನ ಅಧಿಕಾರಿ ಓಹಾರಾನನ್ನು ಕಳಿಸಿದ. ಅಮೆರಿಕನ್ ಸೇನಾಪತಿ ವಾಷಿಂಗ್ಟನ್ನೂ ಅವನನ್ನು ತನ್ನ ಕೆಳಗಿನ ಜನರಲ್ ಬೆಂಜಮಿನ್ ಲಿಂಕನ್ ಕಡೆ ತೋರಿಸಿದ. ಸರಿಯಾಗೇ ಮಾಡಿದ ಅನ್ನಿ.

ಹೌದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದನಲ್ಲ, ಅದೇ ಕಾರ್ನ್‌ವಾಲಿಸ್.